ಲೆನಾರ್ಡ್ ಜೊತೆ ಡಾಕ್ಟರ ಹತ್ತಿರ

ಕ್ಲಿನಿಕ್ಕಿನ ಬಾಗಿಲಲ್ಲಿ ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡೆ. ಆ ವಾಸನೆಗೆ ಲೆನಾರ್ಡ್ ನೆನಪಾದರು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ, ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.

ಕೋವಿಡ್ ಕಾಲದಲ್ಲಿ, ಅಮೆರಿಕದ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಎದುರು ಬಾಗಿಲು. ಐವತ್ತು ದಾಟಿದ ಕಪ್ಪು ಅಮೆರಿಕನ್. ತಮಗೆ ಸ್ಕಿಜೋಫ್ರೇನಿಯಾ ಇದೆ, ಕಿವಿಯಲ್ಲಿ ಯಾರದೋ ದನಿಗಳು ಕೇಳಿಸುತ್ತವೆ ಎಂಬುದನ್ನು, ಮೊಣಕಾಲು ನೋವಿದೆ ಎನ್ನುವಷ್ಟು ಸಲೀಸಾಗಿ ಹೇಳಿದ್ದರು. ಆ ದಿನಗಳಲ್ಲಿ ನಾನು ಮುಖ ನೋಡಿ ಮಾತಾಡುತ್ತಿದ್ದುದು ಅವರೊಬ್ಬರ ಜೊತೆಗೇ. ಎಲ್ಲದಕ್ಕೂ ಪುರಾವೆ ಕೇಳುವ ನನಗೆ ‘ಪ್ರೊಫೆಸರ್’ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ನುಂಗಿದರೆ ಬಸ್ಸಿನಲ್ಲಿ ತೂಕಡಿಕೆ ಬರುತ್ತದೆಂದು ಆ ಕಾಯಿಲೆಯ ಮಾತ್ರೆಯನ್ನು ರಾತ್ರಿ ಊಟದ ನಂತರಕ್ಕೆ ಹಾಕಿಕೊಂಡವರು ಅವರೇ. ಆದರೆ ಅದೇ ಮಾತ್ರೆಯಿಂದ ಹಸಿವು ಹೆಚ್ಚಿ, ಮೈ ಊದಿ, ಸಕ್ಕರೆ ಕಾಯಿಲೆಯೂ ಬಂತು. ಬೇರೆ ಮಾತ್ರೆ ಕೇಳಬೇಕು, ಜೊತೆಗೆ ಬನ್ನಿ ಎಂದರು.

“ಅದಕ್ಕೆ ನಾನ್ಯಾಕೆ?”

“ಮಾತ್ರೆ ಬದಲಾಯಿಸಿ ಅಂದ್ರೆ ಡಾಕ್ಟರಿಗೆ ‘ಮಾತ್ರೆ ಬಿಟ್ಬಿಡ್ತೀನಿ’ ಅಂತ ಕೇಳ್ಸತ್ತೆ. ನನ್ನಂಥ ಕಪ್ಪು ಮನುಷ್ಯ ಅದನ್ನೇ ಎರಡು ಸಲ ಹೇಳಿದ್ರೆ ಸೆಕ್ಯುರಿಟಿಯವನು ಬಂದು ನಿಲ್ತಾನೆ. ನೀವು ಪಕ್ಕದಲ್ಲಿ ಕೂತಿರಿ, ಸಾಕು.”

“ಕಾಯಿಲೆಯೇ ಹೀಗೆ ಹೇಳಿಸ್ತಿಲ್ಲ ಅಂತ ಹೇಗೆ ಗೊತ್ತು?”

ಲೆನಾರ್ಡ್ ನಕ್ಕರು. “ಆ ದನಿಗಳ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದೀನಿ, ಪ್ರೊಫೆಸರ್. ಅವಕ್ಕೆ ನನ್ನ ಶುಗರ್ ಬಗ್ಗೆ ಒಂಚೂರೂ ಚಿಂತೆಯಿಲ್ಲ.”

ಅಲ್ಲಿಗೆ ಹೋದಾಗ ಡಾಕ್ಟರು “ಇವರು ಹೇಗಿದ್ದಾರೆ?” ಎಂದು ಕೇಳಿದ್ದು ನನ್ನನ್ನು. “ಅವರನ್ನೇ ಕೇಳಿ” ಎಂದು ಗಟ್ಟಿಯಾಗಿ ಹೇಳಿದೆ. ಆಮೇಲೆ ಲೆನಾರ್ಡ್ ಎಲ್ಲವನ್ನೂ ನಿಧಾನವಾಗಿ ವಿವರಿಸಿದರು. ಡಾಕ್ಟರು ಬೇರೆ ಮಾತ್ರೆಗೆ ಒಪ್ಪಿದರು. ಇಷ್ಟು ನನ್ನ ನೆನಪು. ಲೆನಾರ್ಡ್ ಅಕ್ಕನ ಮನೆಯಲ್ಲೇ ಇರಲು ಶಾರ್ಲೆಟ್ ಊರಿಗೆ ಹೋದ ಮೇಲೆ, ಫೋನಿನಲ್ಲಿ ಇದನ್ನು ಹೆಮ್ಮೆಯಿಂದ ಎತ್ತಿದೆ.

“ನೀವೇನೂ ಹೇಳ್ಲಿಲ್ಲ, ಪ್ರೊಫೆಸರ್. ಕೆಮ್ಮಿದ್ರಿ. ಕೋವಿಡ್ ಇರಬೇಕು ಅಂತ ಡಾಕ್ಟರ್ ಹೆದರ್ಕೊಂಡು ನನ್ನ ಕಡೆ ತಿರುಗಿದ್ರು, ಅಷ್ಟೇ.”

ಅವರ ಮನೆಗೆ ಈಗ ಬಂದಿರುವವರ ಹೆಸರು ನನಗಿನ್ನೂ ಗೊತ್ತಿಲ್ಲ.

ಇವತ್ತು ನರ್ಸ್ ನನ್ನನ್ನು ಒಳಗೆ ಕರೆದು, “ಜೊತೆಗೆ ಯಾರೂ ಬಂದಿಲ್ವಾ?” ಎಂದರು. ಇಲ್ಲವೆಂದೆ. ನಿದ್ದೆ ಯಾಕೆ ಬರುತ್ತಿಲ್ಲ ಎಂದು ಡಾಕ್ಟರು ಕೇಳಿದರು. ಕೆಲಸದ ಒತ್ತಡ ಎಂದು ತೇಲಿಸಿಬಿಡುವುದು ನನ್ನ ರೂಢಿ.

“ಮಾತಾಡೋದಕ್ಕೆ ಯಾರೂ ಇಲ್ಲ” ಎಂದೆ.

ಅವರು ಟೈಪ್ ಮಾಡುತ್ತಲೇ ಇದ್ದರು. ಇನ್ನೊಮ್ಮೆ, ನಿಧಾನವಾಗಿ ಹೇಳಿದೆ.