ಅಲ್ಲವ್ವನ ಹೊಲದ ಮೇಲಿನ ಬೋಜಾ

ಕುಲಗೋಡದಲ್ಲಿ ಬರೀ ಇಂದ್ರವ್ವ ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಟಪಾಲ ಇಂದ್ರವ್ವ ಅನ್ನಬೇಕು. ಇಪ್ಪತ್ತೆರಡು ವರ್ಷದಿಂದ ಊರಿಗೆ ಅಂಚೆ ಹಂಚುತ್ತಿರುವವಳು ಅವಳೇ. ಲಕೋಟೆ ಕೈಗಿಟ್ಟು ಸುಮ್ಮನೆ ಹೊರಡುವ ಜಾಯಮಾನ ಅವಳದಲ್ಲ. "ಒಡದ್ ನೋಡ್ರಲ್ಲಾ, ಏನ್ ಬರದಾರು?" ಎಂದು ಕಟ್ಟೆಯ ಮೇಲೆ ಕೂತುಬಿಡುವಳು. ಓದು ಬಾರದವರಿಗೆ ಓದಿ ಹೇಳುವಳು. ಆದರೆ ಒಂದು ಮನೆಯಲ್ಲಿ ತಿಳಿದದ್ದನ್ನು ಇನ್ನೊಂದು ಮನೆಯ ಹೊಸ್ತಿಲು ದಾಟಿಸಿದವಳಲ್ಲ. ಹಾಗಾಗಿ ಜನ ಅವಳ ಕುತೂಹಲವನ್ನು ಸಹಿಸಿಕೊಂಡಿದ್ದರು.

ಅರವತ್ತು ದಾಟಿದ ಮೇಲೆ, ತಾಯಿ ಅಲ್ಲವ್ವನಿಂದ ಬಂದ ಒಂದು ಎಕರೆ ಹೊಲವನ್ನು ಮಗಳು ದೀಪಾಳ ಹೆಸರಿಗೆ ಬಕ್ಷೀಸು ಪತ್ರ ಮಾಡಿಕೊಡಬೇಕೆಂದು ಇಂದ್ರವ್ವ ನಿಶ್ಚಯಿಸಿದಳು. ದೀಪಾ ಹುಕ್ಕೇರಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ತಾಯಿ ಮಗಳು ಇಬ್ಬರೂ ರಜೆ ಹಾಕಿ ಮೂಡಲಗಿಯ ನೋಂದಣಿ ಕಚೇರಿಗೆ ಹೋದರು. ಅಲ್ಲಿಯ ಗುಮಾಸ್ತ ಹೊಲದ ಉತಾರವನ್ನು, ಅಂದರೆ ಪಹಣಿಯನ್ನು, ಮೇಲಿಂದ ಕೆಳಗೆ ನೋಡಿ, ಒಂದು ಸಾಲಿನ ಮೇಲೆ ಬೆರಳಿಟ್ಟ.

"ಅವ್ವಾರ, ಇದರ ಮ್ಯಾಲ ಬೋಜಾ ಐತ್ರಿ. ಮಾರಾಟ ತೆರಿಗಿ ಬಾಕಿ ಹೊಲದ ಮ್ಯಾಲ ಬರದಾರ. ಅದನ್ನ ತಗಸೂತನಕ ಪತ್ರ ಆಗೂದಿಲ್ರಿ."

"ನಾ ಏನ್ ಮಾರೇನ್ರಿ, ತೆರಿಗಿ ಕಟ್ಟಾಕ?"

ಗುಮಾಸ್ತ ಉತಾರವನ್ನು ಅವಳ ಕಡೆ ತಿರುಗಿಸಿದ. ಅಷ್ಟು ವರ್ಷ ಮಡಚಿಟ್ಟ ಕಾಗದದಲ್ಲಿ ಅವಳು ಎಂದೂ ಓದದ ಸಾಲು ಅದು: ಇಂದ್ರಾ ಟ್ರೇಡರ್ಸ್, ಗೋಕಾಕ, ಮಾಲಕರು ಯಲ್ಲಾರಿ, ತೊಂಬತ್ತಾರು-ತೊಂಬತ್ತೇಳನೆಯ ಸಾಲಿನ ಬಾಕಿ.

ಯಲ್ಲಾರಿ ಅವಳ ಅಪ್ಪ. ಗೋಕಾಕದ ಪೇಟೆಯಲ್ಲಿ ಮೂವತ್ತು ವರ್ಷ ಹಿಂಡಿ ಚೀಲ ಹೊತ್ತ ಹಮಾಲ. ಪಗಾರ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದವನು. ಸತ್ತು ಇಪ್ಪತ್ತು ವರ್ಷದ ಮೇಲಾಗಿತ್ತು. ಅವನಿಗೊಂದು ಅಂಗಡಿ, ಆ ಅಂಗಡಿಗೆ ತನ್ನ ಹೆಸರು! ವಾಪಸು ಬರುವ ಬಸ್ಸಿನಲ್ಲಿ ದೀಪಾ ಸಿಟ್ಟಿನಿಂದ ಕುದಿಯುತ್ತಿದ್ದಳು. ಇಂದ್ರವ್ವನಿಗೆ ಮಾತ್ರ ಸಿಟ್ಟಿಗಿಂತ ಮೊದಲು ಬಂದದ್ದು ಪ್ರಶ್ನೆ. ನಮ್ಮಪ್ಪ ಯಾವಾಗ ಸಾವಕಾರ ಆಗಿದ್ದ?

ಪರಿಚಯದವರೊಬ್ಬರು ಗೋಕಾಕದ ವಕೀಲೆ ಶೋಭಾ ಅವರ ಹೆಸರು ಹೇಳಿದರು. ಕೋರ್ಟಿನ ಹತ್ತಿರ ಎರಡು ಕುರ್ಚಿ, ಒಂದು ಕಪಾಟಿನ ಸಣ್ಣ ಆಫೀಸು. ಶೋಭಾ ಉತಾರವನ್ನು ಎರಡು ಸಲ ಓದಿದರು. ಆಮೇಲೆ ಕೇಳಿದ್ದು ತೆರಿಗೆಯ ಮಾತಲ್ಲ.

"ಈ ಹೊಲ ಮೂಲಕ್ಕ ಯಾರದ್ರೀ, ಇಂದ್ರವ್ವಾರ?"

"ನಮ್ಮವ್ವಂದ್ರಿ. ಆಕಿಗಿ ಆಕಿ ಅಪ್ಪ ಕೊಟ್ಟದ್ದು. ನಮ್ಮಪ್ಪ ಕಣಗಲಾ ಊರಾಂವ, ಮನಿ ಅಳಿಯ ಆಗಿ ಇಲ್ಲಿಗಿ ಬಂದಾಂವ. ಅವನ ಹೆಸರಿಗಿ ಒಂದು ಗುಂಟೆನೂ ಇರಲಿಲ್ರಿ."

ಶೋಭಾ ಪೆನ್ನು ಕೆಳಗಿಟ್ಟರು. "ಹಂಗಾದ್ರ ಕೇಳ್ರಿ. ಅಪ್ಪನ ಬಾಕಿ ಮಕ್ಕಳಿಗಿ ಹತ್ತೂದು, ಅಪ್ಪನ ಆಸ್ತಿ ಎಷ್ಟು ಬಂದಿರ್ತೈತಿ ಅಷ್ಟಕ್ಕ. ಅವ್ವನ ಕಡಿಂದ ಬಂದ ಹೊಲಕ್ಕ ಅದು ಹತ್ತೂದಿಲ್ಲ. ನಿಮ್ಮವ್ವ ಹೋದಮ್ಯಾಲ ಉತಾರದಾಗ 'ಇಂದ್ರವ್ವ, ತಂದಿ ಯಲ್ಲಾರಿ' ಅಂತ ಹೆಸರು ಬಂತು. ಅದನ್ನ ನೋಡಿ, ಇದು ಯಲ್ಲಾರಿ ಹೊಲ ಅಂತ ತಿಳಿದು ಬೋಜಾ ಏರಿಸ್ಯಾರ. ಹಳೀ ಕಾಗದ ಸಿಕ್ಕರ ತಕರಾರು ಹಾಕೂಣು."

ಅರ್ಜಿ ಕೊಡಲು ತೆರಿಗೆ ಕಚೇರಿಗೆ ಹೋದಾಗ ಅಲ್ಲಿಯ ಅಧಿಕಾರಿ ಇನ್ನೊಂದು ದಾರಿ ತೋರಿಸಿದರು. ಹಳೆಯ ಬಾಕಿಗೆ ಬಡ್ಡಿ, ದಂಡ ಬಿಡುವ ಯೋಜನೆ ಬಂದಿದೆ, ಅಸಲು ಕಟ್ಟಿದರೆ ತಿಂಗಳೊಳಗೆ ಕೆಲಸ ಮುಗಿಯುತ್ತದೆ ಎಂದರು. ಹೊರಗೆ ಬಂದ ಮೇಲೆ ದೀಪಾ, "ಕಟ್ಟಿ ಬಿಡೂಣು ಬೇ. ಅರ್ಧಾ ನಾ ಕೊಡ್ತೇನಿ" ಅಂದಳು.

"ಕಟ್ಟಿದ್ರ ನಮ್ಮಪ್ಪ ಸರಕಾರದ್ದು ನುಂಗಿದ್ದ ಅಂತ ನಾವ ಒಪ್ಪಿಕೊಂಡಂಗ ಆತಲ್ಲ? ಖರೆ ಏನಂತ ಗೊತ್ತಾಗದ ನಾ ಒಂದು ರೂಪಾಯಿ ಬಿಚ್ಚೂದಿಲ್ಲ."

ಹಳೆಯ ಫೈಲು ತೋರಿಸಬೇಕೆಂದು ಶೋಭಾ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ಎರಡು ತಿಂಗಳಿಗೆ ಪ್ರತಿಗಳು ಸಿಕ್ಕವು. ಎಣ್ಣೆ, ಹಿಂಡಿ ವ್ಯಾಪಾರಕ್ಕೆ ಲೈಸೆನ್ಸ್ ಕೇಳಿದ ಅರ್ಜಿ. ಮೇಲೆ ಅಪ್ಪನ ಫೋಟೊ. ತಲೆಯ ಪಟಗ ಬಿಚ್ಚಿ, ಎಣ್ಣೆ ಹಚ್ಚಿ ಕೂದಲು ಬಾಚಿದ ಅಪ್ಪ. ಕೆಳಗೆ 'ಯಲ್ಲಾರಿ' ಎಂಬ ಸಹಿ. ಇಂದ್ರವ್ವ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ರಿಜಿಸ್ಟರ್ ಟಪಾಲು ಕೊಟ್ಟು ಸಾವಿರಾರು ಸಹಿ ಹಾಕಿಸಿಕೊಂಡವಳು ಅವಳು. ಮುದಿವಯಸ್ಸಿನಲ್ಲಿ ಸಹಿ ಕಲಿತವರು ಅಕ್ಷರ ಬರೆಯುವುದಿಲ್ಲ, ರಂಗೋಲಿಯ ಹಾಗೆ ತಡೆದು ತಡೆದು ಎಳೆಯುತ್ತಾರೆ. ಇದು ಪೆನ್ನು ಎತ್ತದೆ ಸರ್ರನೆ ಬರೆದ ಕೈ.

"ಇದು ದಿನಾ ಬರಿಯಾವ್ರ ಕೈರಿ, ಮೇಡಂ. ನಮ್ಮಪ್ಪಂದಲ್ಲ."

ಶೋಭಾ ನಕ್ಕರು. "ಇಪ್ಪತ್ತೈದು ವರ್ಷದ ಹಿಂದಿನ ಸಹಿ ಸುಳ್ಳು ಅಂತ ಸಾಬೀತು ಮಾಡಾಕ ಹೋದ್ರ ನಿಮ್ಮ ಮೊಮ್ಮಕ್ಕಳ ಕಾಲಕ್ಕ ಮುಗೀತೈತಿ. ಹೊಲದ ಮೂಲಾನ ನಮಗ ಸಾಕು."

"ಕೇಸಿಗಿ ಸಾಕರಿ. ನನಗ ಸಾಲದು."

ಸಹಿಯ ಬದಿಗೆ ಸಾಕ್ಷಿಯ ಹೆಸರಿತ್ತು: ಭೀಮರಾಯ, ಮುಕ್ಕಾಮು ದಡ್ಡಿ, ತಾಲೂಕು ಹುಕ್ಕೇರಿ. ಇಂದ್ರವ್ವ ದಡ್ಡಿಯ ಅಂಚೆ ಕಚೇರಿಗೆ ಫೋನು ಹಚ್ಚಿದಳು. ಆ ಕಡೆಯ ಪೋಸ್ಟ್‌ಮನ್ ಅರ್ಧ ತಾಸಿನಲ್ಲಿ ತಿರುಗಿ ಫೋನು ಮಾಡಿದ: ಇದ್ದಾರ್ರಿ, ಎಂಬತ್ತರ ಮ್ಯಾಲಾಗೇತಿ, ಕಣ್ಣು ಮಂದ, ಮಾತು ಚೊಲೋ ಐತಿ.

ಮುಂದಿನ ರವಿವಾರ ತಾಯಿ ಮಗಳು ದಡ್ಡಿಗೆ ಹೋದರು. ಭೀಮರಾಯ ಪಡಸಾಲೆಯಲ್ಲಿ ಜಮಖಾನೆ ಹಾಸಿಕೊಂಡು ಕೂತಿದ್ದ. ಯಲ್ಲಾರಿ ಚೀಲ ಹೊರುತ್ತಿದ್ದ ಗೋಕಾಕದ ಸಾವಕಾರನ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾಣಜಿಯಾಗಿದ್ದವನು. ಯಲ್ಲಾರಿಯ ಮಗಳು ಎಂದು ಕೇಳಿದೊಡನೆ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟ.

"ಇಂದ್ರಾ ಅಂದ್ರ ನೀನ ಏನ್ವಾ?"

"ನಾನರಿ ಕಾಕಾ. ಇಂದ್ರಾ ಟ್ರೇಡರ್ಸ್ ಅರ್ಜಿ ಮ್ಯಾಲ ನಮ್ಮಪ್ಪನ ಸಹಿ ಹಾಕಿದಾವ್ರು ಯಾರು ಅಂತ ಕೇಳಾಕ ಬಂದೇನಿ."

ಮುದುಕ ಮುಚ್ಚಿಡಲಿಲ್ಲ. "ನಂದವ್ವಾ. ಸಾವಕಾರ ತೆರಿಗಿ ತಪ್ಪಸಾಕ ನಾಕೈದು ಮಂದಿ ಹಮಾಲರ ಹೆಸರಿನ್ಯಾಗ ಅಂಗಡಿ ತಗದಿದ್ದ. ಹೆಬ್ಬೆಟ್ಟು ಒತ್ತಿಸಿದ್ರ ಅಧಿಕಾರಿಗೋಳು ಸಂಶೇ ಪಡ್ತಾರ ಅಂತ ಸಹಿ ನನ್ನ ಕಡಿಂದ ಹಾಕಿಸಿದ. ಆ ಸಾವಕಾರನೂ ಹೋಗಿ ಹತ್ತ ವರ್ಷ ಆತು."

"ನಮ್ಮಪ್ಪಗ ಗೊತ್ತಿತ್ತೇನ್ರಿ?"

"ಪೂರಾ ಗೊತ್ತಿರಲಿಲ್ಲ. 'ಹೊಸಾ ಅಂಗಡಿಗಿ ಒಂದು ಹೆಸರು ಹೇಳೋ ಯಲ್ಲಾರಿ' ಅಂದ ಸಾವಕಾರ. ಆಂವ ಹಿಂದ ಮುಂದ ನೋಡಲಿಲ್ಲ, ನಿನ್ನ ಹೆಸರು ಹೇಳಿದ. ಬೋರ್ಡ್ ಬರದಮ್ಯಾಲ ದಿನಾ ಚೀಲಾ ಇಳಿಸಿ ಅದರ ಮುಂದ ನಿಂದರತಿದ್ದ. ಓದಾಕ ಬರತಿರಲಿಲ್ಲ. 'ದಿವಾಣಜಿ, ಇದರಾಗ ಇಂದ್ರಾ ಅನ್ನೂದು ಯಾವುದರಿ?' ಅಂತ ಕೇಳಾಂವ. ನಾ ಬೆರಳ ಇಟ್ಟು ತೋರಸ್ತಿದ್ದೆ."

ದೀಪಾ ಅಜ್ಜನಿಗಾದ ಮೋಸವನ್ನು ಬರೆದುಕೊಡಿ ಎಂದು ಕೇಳಲು ಬಾಯಿ ತೆರೆದಳು. ಇಂದ್ರವ್ವ ಅವಳ ಮೊಣಕೈ ಹಿಡಿದಳು. ಭೀಮರಾಯ, "ಈ ವಯಸ್ಸಿನ್ಯಾಗ ಕೋರ್ಟ್ ಕಟ್ಟಿ ಹತ್ತಸ್ತೀಯೇನವ್ವಾ?" ಎಂದ.

"ಇಲ್ಲರಿ. ಕೇಳಾಕ ಬಂದಿದ್ದೆ, ಹೇಳಿದ್ರಿ."

ಹೇಳಿದಳಾದರೂ ಅವಳ ಮನಸ್ಸು ಅಷ್ಟು ಸುಲಭವಾಗಿ ಹಗುರಾಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅಪ್ಪನ ಸಂತೋಷವನ್ನೇ ಗಾಳ ಮಾಡಿ ಅವನ ಹೆಸರು ಕೆಡಿಸಿದ್ದರು. ಆದರೂ ಆ ಬೋರ್ಡಿನ ಮುಂದೆ ನಿಂತ ಅಪ್ಪನನ್ನು ನೆನೆದರೆ ಅವಳಿಗೆ ನಗುವೂ ಬರುತ್ತಿತ್ತು.

ಉಳಿದದ್ದು ಶೋಭಾ ಅವರ ಕೆಲಸ. ಮೂಡಲಗಿ ಮೊದಲು ಗೋಕಾಕ ತಾಲೂಕಿನಲ್ಲೇ ಇದ್ದದ್ದರಿಂದ ಹಳೆಯ ದಾಖಲೆಗಳು ಗೋಕಾಕದ ಕೋಣೆಯಲ್ಲಿದ್ದವು. ನಾಲ್ಕು ಸಲ ಅಲೆದ ಮೇಲೆ, ಹೊಲ ಅಲ್ಲವ್ವನಿಗೆ ಅವಳ ಅಪ್ಪನಿಂದ ಬಂದ ಕಾಗದ ಸಿಕ್ಕಿತು. ಅಂಚು ಜಿರಳೆ ತಿಂದಿತ್ತು, ಹೆಸರು ಮಾತ್ರ ಉಳಿದಿತ್ತು. ಗೋಕಾಕದ ತೆರಿಗೆ ಕಚೇರಿಯಲ್ಲಿ ತಕರಾರು ಅರ್ಜಿ ಒಮ್ಮೆ ತಿರಸ್ಕಾರವಾಯಿತು. ಶೋಭಾ ಬೆಳಗಾವಿಯ ಮೇಲಧಿಕಾರಿಗೆ ಮೇಲ್ಮನವಿ ಹಾಕಿದರು. ವಿಚಾರಣೆಯ ದಿನ ಅಧಿಕಾರಿ ಇಂದ್ರವ್ವನನ್ನು ನೇರವಾಗಿ ಕೇಳಿದರು: "ನಿಮ್ಮ ತಂದೆಯಿಂದ ನಿಮಗೇನು ಬಂತು?"

"ಒಂದು ಪಟಗರಿ, ಚೀಲಾ ಎಳಿಯೂ ಕಬ್ಬಿಣದ ಕೊಂಡಿರಿ. ಬೇಕಂದ್ರ ತಂದುಕೊಡ್ತೇನ್ರಿ."

ಅಧಿಕಾರಿ ತಲೆ ಬಗ್ಗಿಸಿ ಬರೆಯತೊಡಗಿದರು. ಆರು ವಾರಕ್ಕೆ ಆದೇಶ ಬಂತು: ಹೊಲ ಯಲ್ಲಾರಿಯದಲ್ಲ, ಬೋಜಾ ತೆಗೆಯತಕ್ಕದ್ದು. ಅದನ್ನು ಮೂಡಲಗಿಯ ತಹಶೀಲ್ದಾರ ಕಚೇರಿಯಲ್ಲಿ ಜಾರಿ ಮಾಡಿಸಲು ಮತ್ತೆ ಎರಡು ತಿಂಗಳು ಹಿಡಿಯಿತು.

ಬಕ್ಷೀಸು ಪತ್ರವಾದ ದಿನ ದೀಪಾ ಕ್ಯಾಮೆರಾದ ಮುಂದೆ ಕೂತು ಬೆರಳಚ್ಚು ಕೊಟ್ಟಳು. ಹೊರಗೆ ಬಂದು ಇಬ್ಬರೂ ಗಿರಮಿಟ್ಟು ತಿಂದರು. ಬರುವ ವರ್ಷ ಆ ಎಕರೆಗೆ ಅರಿಸಿನ ಹಚ್ಚಬೇಕೋ, ಕಬ್ಬೋ ಎಂದು ತಕರಾರು ಮಾಡುತ್ತ, ಮಧ್ಯಾಹ್ನದ ಬಸ್ಸು ಹತ್ತಿದರು.