ಅಕ್ಕ ತೆಗೆದುಹಾಕಿದ ಅರ್ಧ

ನಾನು ಚಿಕ್ಕವನಿದ್ದಾಗ ಗಣಿತದ ಮಾಸ್ತರರನ್ನು ವಾದದಲ್ಲಿ ಸೋಲಿಸಿದೆ ಅಂತ ಮನೆಯವರೆಲ್ಲ ನಿಮಗೆ ಹೇಳುತ್ತಾರಲ್ಲ ಮಕ್ಕಳೇ, ಅದನ್ನು ಅಷ್ಟು ಬೇಗ ನಂಬಬೇಡಿ. ಗೆದ್ದ ಹುಡುಗ ಅವತ್ತು ಸಾಲಿಯಿಂದ ಒಬ್ಬನೇ ಯಾಕೆ ನಡೆದು ಬಂದ? ಅದನ್ನು ಯಾರೂ ಕೇಳುವುದಿಲ್ಲ.

ಅಕ್ಕ ನನಗಿಂತ ದೊಡ್ಡವಳು. ಅವ್ವನಿಗೆ ಆರಾಮಿಲ್ಲದಾಗ ಒಂದು ವರ್ಷ ಸಾಲಿ ಬಿಟ್ಟಿದ್ದರಿಂದ ನಮ್ಮೂರು ದೊಡವಾಡದಲ್ಲಿ ನಮ್ಮಿಬ್ಬರದೂ ಒಂದೇ ತರಗತಿಯಾಗಿತ್ತು. ನನಗೆ ಗಣಿತ ಕಲಿಸಿದವಳೇ ಅವಳು. ರೊಟ್ಟಿ ಬಡಿಯುತ್ತ ಬಡಿಯುತ್ತ, ಮಣೆಯ ಮೇಲೆ ಉದುರಿದ ಹಿಟ್ಟಿನಲ್ಲೇ ಬೆರಳಿನಿಂದ ಲೆಕ್ಕ ಬರೆದು ತೋರಿಸುತ್ತಿದ್ದಳು. ಹಂಚಿನ ಮೇಲೆ ಜೋಳದ ಹಿಟ್ಟು ಸೀದ ವಾಸನೆಗೆ ನನಗೆ ಇವತ್ತಿಗೂ ಗಣಿತವೇ ನೆನಪಾಗುತ್ತದೆ.

ಅವತ್ತು ಮಾಸ್ತರರು ಎರಡು ಮೂಲಗಳನ್ನು ಕೊಟ್ಟರು: ಅರ್ಧ ಮತ್ತು ಮೂರು. x ಇದ್ದಲ್ಲಿ ಯಾವುದನ್ನು ಹಾಕಿದರೂ ಸೊನ್ನೆ ಬರುವಂಥ ಬಹುಪದೋಕ್ತಿಯನ್ನು ಕಂಡುಹಿಡಿಯಬೇಕು. ಮಾಸ್ತರರ ಉತ್ತರ x² − (7/2)x + 3/2. ಅಕ್ಕನಿಗೆ ಭಿನ್ನರಾಶಿ ಕಂಡರೆ ಆಗದು. ಎಲ್ಲವನ್ನೂ ಎರಡರಿಂದ ಗುಣಿಸಿ 2x² − 7x + 3 ಅಂತ ಬರೆದಿದ್ದಳು. ಮಾಸ್ತರರು ಅದರ ಮೇಲೆ ಕೆಂಪು ಗೀಟು ಎಳೆದರು.

ನಾನು ಎದ್ದು ನಿಂತೆ. "ಸರ್, ಹಾಕಿ ನೋಡ್ರಿ. ಅರ್ಧ ಹಾಕಿದ್ರೂ ಸೊನ್ನಿ, ಮೂರು ಹಾಕಿದ್ರೂ ಸೊನ್ನಿ. ಮತ್ತ ತಪ್ಪು ಹೆಂಗ?"

"ಉತ್ತರ ಒಂದ ಇರತೈತಿ, ವಕೀಲಪ್ಪಾ. ಕುಂದ್ರು."

"ಒಂದಲ್ರಿ. ಸೊನ್ನಿ ಬಿಟ್ಟು ಯಾವ ಸಂಖ್ಯೆಯಿಂದ ಗುಣಿಸಿದ್ರೂ ಮೂಲ ಅವ ಇರತಾವ್ರಿ!"

ಹುಡುಗರು ಕಿಸಕ್ಕೆಂದರು. ಮಾಸ್ತರರು ಕೈಯ ಸೀಮೆಸುಣ್ಣ ಕೊಡವಿಕೊಂಡು ಹುಡುಗಿಯರ ಬೆಂಚಿನ ಕಡೆ ತಿರುಗಿದರು. "ಏನವಾ, ನಿನ್ನ ವಕೀಲ ಹೇಳೋದು ಖರೇ ಏನು?"

ನನಗೆ ಅಂಕ ಬೇಕಿರಲಿಲ್ಲ. ಅಕ್ಕ ಒಂದು ಸಲ ಹೌದು ಅಂದಿದ್ದರೆ ಸಾಕಿತ್ತು.

ಅವಳು ತಲೆ ತಗ್ಗಿಸಿಯೇ ನಿಂತಳು. "ಇಲ್ರಿ ಸರ್. ನಂದ ತಪ್ಪೈತ್ರಿ."

ಸಂಜೆ ಕುಸುಬಿ ಹೊಲದ ಬದುವಿನ ಮೇಲೆ ಅವಳು ಗೆಳತಿಯರ ಜೊತೆ ಮುಂದೆ ಹೋದಳು. ಹಿಂದೆ ತಿರುಗಿ ನೋಡಲಿಲ್ಲ. ಸರಿಯಾದ ಉತ್ತರ ನನ್ನ ಹತ್ತಿರವೇ ಇತ್ತು, ಆದರೆ ಜೊತೆಗೆ ಯಾರೂ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ಯಾಕ್ರೋ, ಇಬ್ರೂ ಮೂಗರಾಗೀರಿ?" ಅಂದರು. ಅಕ್ಕ ನನ್ನ ತಾಟಿಗೆ ರೊಟ್ಟಿ ಹಾಕಿ ಎದ್ದು ಹೋದಳು. ಆಮೇಲೆ ಹಿಟ್ಟಿನ ಮೇಲೆ ಅವಳು ಲೆಕ್ಕ ಬರೆಯಲೇ ಇಲ್ಲ.

ನೀವು ಮೂಲಗಳನ್ನು ಮೊಬೈಲಿಗೆ ಕೊಡುತ್ತೀರಿ, ಅದು ಕ್ಷಣದಲ್ಲಿ ಉತ್ತರ ಕೊಡುತ್ತದೆ, ಬೇರೆ ರೂಪದಲ್ಲಿ ಬರೆದರೂ ಸರಿ ಅನ್ನುತ್ತದೆ. ನಿಮ್ಮ ಪರವಾಗಿ ಯಾರೂ ಎದ್ದು ನಿಲ್ಲಬೇಕಾಗಿಲ್ಲ. ಒಳ್ಳೆಯದೇ. ಅಕ್ಕ ಈಗ ಯರಗಟ್ಟಿಯಲ್ಲಿದ್ದಾಳೆ, ನಿಮ್ಮ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ನಗುತ್ತಾಳೆ. ನಾನು ಮಾತ್ರ ಅವಳಿಗೆ ಒಂದು ಪ್ರಶ್ನೆ ಕೇಳದೆಯೇ ಉಳಿದೆ.

ಅಕ್ಕಾ, ನಿನ್ನ ಉತ್ತರ ಸರಿ ಐತಿ ಅಂತ ನಿನಗ ಗೊತ್ತಿತ್ತಲ್ಲ, ಮತ್ತ ಯಾಕ ಇಲ್ಲ ಅಂದಿ?