ಬರಿ ನೀರಿನ ಲೋಟ, ಅದಕ್ಕೊಂದು ಸ್ಟ್ರಾ

ನಮ್ಮ ಮನೆಯ ಅಡುಗೆಕಟ್ಟೆಯ ಮೇಲೊಂದು ಸ್ಟೀಲ್ ಲೋಟ, ಅದರಲ್ಲಿ ಅರ್ಧ ನೀರು, ನೀರಿನಲ್ಲೊಂದು ಸ್ಟ್ರಾ. ಪಾನಕವೆಂದು ಆಸೆಪಟ್ಟು, ಬರಿ ನೀರೆಂದು ತಿಳಿದಮೇಲೆ ಮುಖ ಸಣ್ಣದು ಮಾಡಿಕೊಂಡ ನೆಂಟರು ಒಬ್ಬಿಬ್ಬರಲ್ಲ. ಅದು ಕುಡಿಯುವುದಕ್ಕಲ್ಲ ಮಿತ್ರರೇ, ಊದುವುದಕ್ಕೆ. ನನ್ನ ಗಂಟಲಿನ ಔಷಧಿ.

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುತ್ತ, ಕಿಟಕಿಯಾಚೆಯ ಬಸ್ಸಿನ ಹಾರ್ನಿಗೆ ಎಂದೂ ಸೋಲದ ನನ್ನ ದನಿ ಈ ಬೇಸಿಗೆಯಲ್ಲಿ ಸೀಳಿದ ಪೀಪಿಯಂತಾಯಿತು. ನಾವಿರುವ ಬಸವನಗುಡಿಯಲ್ಲಿ ಗಂಟಲು ಕೆಟ್ಟವರಿಗೆ ಒಂಟಿತನವೆಂಬುದಿಲ್ಲ. ಎದುರುಮನೆಯವರು ಜ್ಯೇಷ್ಠಮಧು ಕೊಟ್ಟರು, ಕೆಳಮನೆಯವರು ಮೆಣಸಿನ ಕಷಾಯ ಕೊಟ್ಟರು, ವಾಕಿಂಗಿನ ಗೆಳತಿ ಮೌನವ್ರತದ ಮಹಿಮೆಯನ್ನು ಪಾರ್ಕು ಮುಚ್ಚುವವರೆಗೂ ಬಾಯಿ ಮುಚ್ಚದೆ ವಿವರಿಸಿದಳು. ಮೌನ ನನ್ನಿಂದಾಗದ್ದರಿಂದ ಪಿಸುಮಾತಿಗಿಳಿದೆ. ಆದರೆ ನಾನು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟುವರು; ತರಕಾರಿಯವನು ಬದನೆಕಾಯಿಯ ಬೆಲೆಯನ್ನು ಗುಟ್ಟಾಗಿ ಹೇಳಿ ಆಚೀಚೆ ನೋಡಿದ.

ಕೊನೆಗೆ ಡಾಕ್ಟರು ಮೂಗಿನಿಂದ ಸಣ್ಣ ಕೊಳವೆ ಇಳಿಸಿ, ಧ್ವನಿತಂತುಗಳ ಮೇಲೆ ಎದ್ದಿದ್ದ ಗಂಟುಗಳನ್ನು ಪರದೆಯಲ್ಲಿ ತೋರಿಸಿದರು. ಪಾತ್ರೆ ಉಜ್ಜುವ ಕೈಯಂತೆ ಕೂಗುವ ಗಂಟಲೂ ಜಡ್ಡುಗಟ್ಟುತ್ತದಂತೆ. ದನಿಯೆಂದರೆ ನಲ್ಲಿಯ ನೀರು, ತಿರುಗಿಸಿದಾಗಲೆಲ್ಲ ಬರುತ್ತದೆಂದು ನಂಬಿದ್ದೆ, ಅದೂ ಬೆಂಗಳೂರಿನಲ್ಲಿದ್ದುಕೊಂಡು. ಸ್ಪೀಚ್ ಥೆರಪಿಸ್ಟ್ ಹೆಣ್ಣುಮಗಳು, ಪಿಸುಮಾತೂ ಗಂಟಲಿಗೆ ಆಯಾಸವೇ ಎಂದು ಹೇಳಿ, ಸ್ಟ್ರಾದಿಂದ ನೀರಿನಲ್ಲಿ ಗುಳ್ಳೆಯೆಬ್ಬಿಸುತ್ತ ‘ಊ’ ಎನ್ನಿಸಿದಳು. ಹದವಾಗಿ ಮಾತಾಡಿ, ಕೂಗಲೇಬೇಡಿ ಎಂದಳು.

ನನಗೆ ಅಳು ಬಂದದ್ದು ಅಲ್ಲೇ. ಪಾಠವನ್ನು ಮೈಕು ಹಾಕಿಕೊಂಡಾದರೂ ಮಾಡಬಹುದು. ಆದರೆ ನಮ್ಮ ಅತ್ತೆಗೆ ಕಿವಿ ಮಂದ. ಮಗನ ಮಾತೂ ಮುಟ್ಟದ ಆ ಕಿವಿಗೆ ಕೇಳಿಸುವುದು ನನ್ನದೊಂದೇ ದನಿಯೆಂದು ಮನೆಮಂದಿಯ ನಂಬಿಕೆ. ನಾನೂ ಕೂಗದಿದ್ದರೆ ಆ ಜೀವದ ಜೊತೆ ಮಾತಾಡುವವರು ಯಾರು?

ಆ ಸಂಜೆ ಅವರ ಮಂಚದ ಮೇಲೆ ಮಗ್ಗುಲಲ್ಲೇ ಕೂತು, ಇನ್ನು ಕೂಗುವ ಹಾಗಿಲ್ಲವಂತೆ ಎಂದು ಮೆಲ್ಲಗೆ ಹೇಳಿದೆ. ಅವರಿಗೆ ಕೇಳಿಸಲಾರದೆಂದೇ ಹೇಳಿದ್ದು.

“ಒಳ್ಳೇದಾಯ್ತು ಬಿಡಮ್ಮ,” ಎಂದರು ಅತ್ತೆ. “ಅಡುಗೆಮನೆಯಿಂದ ನೀನು ಕೂಗ್ತಿದ್ದದ್ದು ಕೇಳಿಸ್ತಿತ್ತು. ಏನಂತಿದೀಯ ಅಂತ ಮಾತ್ರ ಒಂದಿನಾನೂ ಗೊತ್ತಾಗ್ಲಿಲ್ಲ. ಸುಮ್ನೆ ಹೂಂ ಅಂದ್ಬಿಡ್ತಿದ್ದೆ.”

ದನಿ ಈಗ ಅರ್ಧ ಮರಳಿದೆ. ಸಂಜೆಯಾದರೆ ಲೋಟವನ್ನು ಅವರ ಮಂಚದ ಬಳಿಗೇ ಒಯ್ದು ಗುಳುಗುಳು ಊದುತ್ತೇನೆ. ಅತ್ತೆ ಈಗ ಹೂಂ ಎನ್ನುವುದಿಲ್ಲ. ಗುಳ್ಳೆಗಳನ್ನೇ ನೋಡುತ್ತ, ಏನಂದೆ ಎಂದು ಕೇಳುತ್ತಾರೆ. ನಾನು ಸ್ಟ್ರಾವನ್ನು ಪಕ್ಕಕ್ಕಿಟ್ಟು ಹೇಳತೊಡಗುತ್ತೇನೆ.